ಎಲೆಯ ಮೇಲಿನ ನವಿಲುನೀಲಿ

ಮಂಚದ ಕಬ್ಬಿಣದ ಪಟ್ಟಿಗೆ ನೇತುಹಾಕಿದ್ದ ಪ್ಲಾಸ್ಟಿಕ್ ಚೀಲವನ್ನು ಕಿಡ್ನಿ ಡಾಕ್ಟರಮ್ಮ ಎರಡು ಬೆರಳಲ್ಲಿ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು.

"ನಿನ್ನೆ ಬೆಳಗ್ಗೆಯಿಂದ ಇವಳು ಮಾಡಿರೋ ಮೂತ್ರ ಇಷ್ಟೇ. ಒಂದು ಲೋಟಾನೂ ತುಂಬಲ್ಲ. ಬಣ್ಣ ನೋಡಿ."

ಇನ್ಸ್‌ಪೆಕ್ಟರ್ ನೋಡಿದ. ಹಾಲು ಹಾಕದ ಚಹಾದ ಬಣ್ಣ. ಇಪ್ಪತ್ತೈದು ವರ್ಷದ ನೌಕರಿಯಲ್ಲಿ ರಕ್ತ ನೋಡಿ ಹೆದರದವನು ಆ ಚೀಲ ನೋಡಿ ಮುಖ ಆಚೆ ತಿರುಗಿಸಿದ. ಈ ವಾರ್ಡಿಗೆ ಓಡಾಡಲು ಶುರು ಮಾಡಿದ ಮೇಲೆ ಅವನು ಮನೆಯಲ್ಲಿ ಚೊಂಬುಗಟ್ಟಲೆ ನೀರು ಕುಡಿಯುತ್ತಿದ್ದ. ಹೆಂಡತಿ ಬಾಯಿಬಿಟ್ಟು ಕೇಳಿರಲಿಲ್ಲ, ಆದರೆ ಅನುಮಾನದಿಂದ ನೋಡುತ್ತಿದ್ದಳು.

"ಹೋದ ವಾರ ತೀರಿಕೊಂಡ ಹುಡುಗನೂ ಹೀಗೇ ಬಂದಿದ್ನಾ?"

"ಅವನು ಇನ್ನೂ ತಡವಾಗಿ ಬಂದ. ವಾಂತಿ, ಸೊಂಟನೋವು ಅಂತ ಮನೇಲಿ ಗ್ಯಾಸಿನ ಮಾತ್ರೆ ನುಂಗ್ತಾ ಕೂತಿದ್ದ. ಕಿಡ್ನಿ ಹೊರಗೆ ಹಾಕಬೇಕಾದ್ದೆಲ್ಲ ರಕ್ತದಲ್ಲೇ ಉಳೀತು. ಮಷೀನಿಗೆ ಹಾಕೋಣ ಅನ್ನೋ ಅಷ್ಟರಲ್ಲಿ ಹೃದಯ ನಿಂತುಹೋಯ್ತು."

ಸತ್ತ ಹುಡುಗ, ಮಲಗಿರುವ ಈ ಹುಡುಗಿ, ಇಬ್ಬರೂ ಒಂದೇ ಡ್ಯಾನ್ಸ್ ಕ್ಲಾಸಿನವರು. ಇಬ್ಬರೂ ಸೇದಿದ್ದು 'ಮೋಡ' ಎಂಬ ಹೆಸರಿನ ಒಂದೇ ಬಗೆಯ ಪೊಟ್ಟಣ. ಅದರ ಮೇಲೆ ಚೆಂದದ ಅಕ್ಷರದಲ್ಲಿ ಅಚ್ಚಾಗಿತ್ತು: ಕೋಣೆಯ ಸುವಾಸನೆಗೆ ಮಾತ್ರ.

"ಆದ್ರೆ ಡಾಕ್ಟ್ರೇ, ಮೂತ್ರ ಪರೀಕ್ಷೇಲಿ ಮಾದಕ ವಸ್ತು ಏನೂ ಇಲ್ಲ ಅಂತ ಬಂದಿದೆಯಲ್ಲ. ನಮ್ಮ ಸಾಹೇಬ್ರು ಅದನ್ನೇ ಹಿಡ್ಕೊಂಡು ಕೇಸು ಮುಚ್ಚು ಅಂತಿದ್ದಾರೆ."

"ನಿಮ್ಮ ಸಾಹೇಬ್ರಿಗೆ ಹೇಳಿ, ಮಾಮೂಲಿ ಪರೀಕ್ಷೆಗೆ ಹಳೇ ಕಳ್ಳರ ಮುಖ ಮಾತ್ರ ಗೊತ್ತು." ಡಾಕ್ಟರಮ್ಮ ಚೀಲವನ್ನು ಮೆಲ್ಲಗೆ ಕೆಳಗಿಳಿಸಿದರು. "ಇದು ಗಿಡದಲ್ಲಿ ಬೆಳೆದದ್ದಲ್ಲ, ಯಾವುದೋ ಲ್ಯಾಬಲ್ಲಿ ಹುಟ್ಟಿದ್ದು. ಒಂದನ್ನ ನಿಷೇಧಿಸಿದ್ರೆ ಅಂಗಿ ಬದಲಾಯಿಸಿ ಇನ್ನೊಂದಾಗಿ ಬರುತ್ತೆ. ಮಕ್ಕಳು ಗಾಂಜಾ ಥರ ಅಂದ್ಕೊಂಡು ಸೇದ್ತಾರೆ. ಎಲೆ ಬರೀ ನೆಪ. ಅದರ ಮೇಲೆ ಸಿಂಪಡಿಸಿರೋದು ಏನು, ಎಷ್ಟು ಅಂತ ಮಾಡಿದವನಿಗೂ ಗೊತ್ತಿರಲ್ಲ. ಒಂದೇ ಪೊಟ್ಟಣದಲ್ಲಿ ಒಂದು ಚಿಟಿಕೆ ತಲೆ ತಿರುಗಿಸುತ್ತೆ, ಇನ್ನೊಂದು ಚಿಟಿಕೆ ಕಿಡ್ನಿ ಸುಡುತ್ತೆ."

"ಸುಟ್ಟಿದ್ದು ಮತ್ತೆ ಸರಿ ಹೋಗುತ್ತಾ?"

"ಕೆಲವರಿಗೆ ಹೋಗುತ್ತೆ. ಕೆಲವರು ಬದುಕಿಡೀ ಈ ಮಷೀನಿನ ಜೊತೆ ಸಂಸಾರ ಮಾಡ್ಬೇಕು. ಇವಳು ಯಾವ ಸಾಲಿನವಳು ಅಂತ ಇವತ್ತು ಕೇಳಬೇಡಿ."

ಹುಡುಗಿ ಕಣ್ಣು ತೆರೆದಳು. ಹತ್ತೊಂಬತ್ತು ವರ್ಷ. ಮುಖ, ಕಣ್ಣಿನ ರೆಪ್ಪೆ ಎಲ್ಲ ಊದಿಕೊಂಡು, ಯಾರೋ ಅವಳನ್ನು ಇಡೀ ರಾತ್ರಿ ಅಳಿಸಿದಂತಿತ್ತು. ಕುತ್ತಿಗೆಯ ಪಕ್ಕದಲ್ಲಿ ತೂರಿಸಿದ್ದ ಟ್ಯೂಬಿನಿಂದ ರಕ್ತ ಹೊರಟು, ಪಕ್ಕದ ಮಷೀನಿನೊಳಗೆ ಸುತ್ತಿ, ಇನ್ನೊಂದು ಟ್ಯೂಬಿನಲ್ಲಿ ಅವಳ ಮೈಗೇ ವಾಪಸು ಬರುತ್ತಿತ್ತು.

"ಸಾರ್, ಒಂದು ಗುಟುಕು ನೀರು ಕೊಡ್ತೀರಾ?"

ಇನ್ಸ್‌ಪೆಕ್ಟರನ ಕೈ ಜಗ್ಗಿನ ಕಡೆ ಹೋಯಿತು. ಡಾಕ್ಟರಮ್ಮ ಬೇಡವೆಂದು ತಲೆಯಾಡಿಸಿದರು. ಒಳಗೆ ಹೋದ ನೀರಿಗೆ ಹೊರಗೆ ಬರಲು ದಾರಿಯಿಲ್ಲ. ಅವನು ಕೈ ಹಿಂದಕ್ಕೆ ತೆಗೆದು, ಸ್ಟೂಲು ಎಳೆದುಕೊಂಡು ಕೂತ.

"ಪೊಟ್ಟಣ ಯಾರು ಕೊಟ್ಟಿದ್ದು ತಾಯಿ? ಡ್ಯಾನ್ಸ್ ಮಾಸ್ಟರಾ?"

"ಮಾಸ್ಟರ್ರಿಗೆ ಗೊತ್ತಾದ್ರೆ ಕಾಲು ಮುರೀತಾರೆ." ಒಣಗಿದ ತುಟಿಯಲ್ಲಿ ನಗು ಸುಳಿದು ಹೋಯಿತು. "ಅವನೇ ತರ್ತಿದ್ದ. ಸತ್ತುಹೋದನಲ್ಲ, ಅವನು."

"ಅವನಿಗೆ ಎಲ್ಲಿ ಸಿಗ್ತಿತ್ತು?"

"ಕೇಳಿದ್ರೆ, 'ಅಂಗಡೀಲಿ ಸಿಗೋ ಮಾಲು, ಏನೂ ಆಗಲ್ಲ' ಅಂತಿದ್ದ." ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ ಹೇಳಿದಳು: "ನಮ್ಮಣ್ಣನಿಗೆ ಹೇಳಬೇಡಿ ಸಾರ್. ಅಪ್ಪ ಅಮ್ಮ ಹೋದ ಮೇಲೆ ಅವನೇ ಸಾಕಿದ್ದು. ಮೊನ್ನೆಯಿಂದ ಒಂದೇ ಸಮ ಡಾಕ್ಟರ ಹಿಂದೆ ಬಿದ್ದಿದ್ದಾನೆ, ನನ್ನ ಕಿಡ್ನಿ ತಗೊಳ್ಳಿ ನನ್ನ ಕಿಡ್ನಿ ತಗೊಳ್ಳಿ ಅಂತ. ನಾನು ಸೇದ್ತಿದ್ದೆ ಅಂತ ಗೊತ್ತಾದ್ರೆ ಎದೆ ಒಡ್ಕೋತಾನೆ."

ಇನ್ಸ್‌ಪೆಕ್ಟರ್ ಹಿಂದಿನ ದಿನ ಆ ಅಣ್ಣನನ್ನು ಇದೇ ಹಾಸಿಗೆಯ ಬುಡದಲ್ಲಿ ನೋಡಿದ್ದ. ಕೈಗಳನ್ನು ಪ್ಯಾಂಟಿನ ಜೇಬಿನಲ್ಲಿ ಹುಗಿದುಕೊಂಡು ತಂಗಿಯ ಪಾದವನ್ನೇ ನೋಡುತ್ತ ನಿಂತಿದ್ದ ಒಣಕಲು ಮನುಷ್ಯ. ಕೇಳಿದ್ದಕ್ಕೆ, "ಗ್ಯಾರೇಜಲ್ಲಿ ಕೆಲಸ ಸಾರ್" ಎಂದಷ್ಟೇ ಹೇಳಿದ್ದ.

ಜೇಬಿನಲ್ಲಿ ಫೋನು ನಡುಗಿತು. ಅವನು ಎದ್ದು ಕಾರಿಡಾರಿಗೆ ಬಂದ.

ಪೊಲೀಸ್ ಪ್ರಯೋಗಾಲಯದ ಹೆಂಗಸು. ಹುಡುಗಿಯ ಬೂಟಿನೊಳಗೆ ಸಿಕ್ಕಿದ್ದ ಅರ್ಧ ಪೊಟ್ಟಣ ಈಗ ಅವರ ಮೇಜಿನ ಮೇಲಿತ್ತು.

"ರಾಸಾಯನಿಕ ಯಾವುದು ಅಂತ ಹೇಳೋಕೆ ಇನ್ನೂ ಟೈಮ್ ಬೇಕು ಸಾರ್, ನಮ್ಮ ಹತ್ರ ಇರೋ ಯಾವ ಮಾದರಿಗೂ ಹೊಂದುತ್ತಿಲ್ಲ. ಆದ್ರೆ ಇನ್ನೊಂದು ಸಿಕ್ಕಿದೆ. ಎಲೆ ಚೂರಿನ ಮೇಲೆ ಸಣ್ಣ ಸಣ್ಣ ನೀಲಿ ಚುಕ್ಕೆ. ನವಿಲುನೀಲಿ. ಒಳಗೆ ಬೆಳ್ಳಿ ಹಾಗೆ ಮಿನುಗೋ ಪುಡಿ."

"ಅಂದ್ರೆ?"

"ಗಾಡಿಗೆ ಹೊಡೆಯೋ ಪೇಂಟು. ಬಣ್ಣ ಸಿಂಪಡಿಸೋ ಗನ್ ಇರುತ್ತಲ್ಲ, ಅದನ್ನ ಸರಿಯಾಗಿ ತೊಳೀದೆ ಅದರಲ್ಲೇ ಈ ದ್ರವಾನೂ ಸಿಂಪಡಿಸಿದ್ದಾರೆ."

ಇನ್ಸ್‌ಪೆಕ್ಟರ್ ಫೋನು ಇಟ್ಟು ತಿರುಗಿದರೆ, ಹಿಂದೆಯೇ ಸಾಹುಕಾರರು ನಿಂತಿದ್ದರು.

ಸತ್ತ ಹುಡುಗನ ತಂದೆ. ಔಷಧಿಯ ಸಗಟು ವ್ಯಾಪಾರಿ. ಈ ಆಸ್ಪತ್ರೆಗೂ ಅವರಿಂದಲೇ ಮಾತ್ರೆ, ಸಲೈನ್ ಬರುತ್ತಿದ್ದುದರಿಂದ ಇಲ್ಲಿ ಅವರಿಗೆ ಯಾವ ಬಾಗಿಲೂ ಮುಚ್ಚಿರಲಿಲ್ಲ. ಮಗ ಹೋದ ದಿನದಿಂದ ಗಡ್ಡ ಕೆರೆದಿರಲಿಲ್ಲ, ಒಂದೇ ಬಿಳಿ ಶರಟು. ಕೇಸು ಮುಚ್ಚಿಹೋಗದೆ ಇನ್ನೂ ಉಸಿರಾಡುತ್ತಿದ್ದರೆ ಅದು ಅವರ ಹಟದಿಂದಲೇ. ದಿನಾ ಬಂದು ಕೂರುವರು, ಮೇಲಿನವರಿಗೆ ಫೋನು ಮಾಡಿಸುವರು, ಒಂದೇ ಪ್ರಶ್ನೆ ಕೇಳುವರು.

ಇವತ್ತೂ ಅದನ್ನೇ ಕೇಳಿದರು. "ನನ್ನ ಮಗನಿಗೆ ವಿಷ ಇಟ್ಟವನು ಸಿಕ್ಕಿದ್ನಾ?"

ತನಿಖೆಯ ವಿಷಯ ಹೊರಗೆ ಬಿಡುವುದು ಇನ್ಸ್‌ಪೆಕ್ಟರನ ಜಾಯಮಾನವಲ್ಲ. ಠಾಣೆಯಲ್ಲಿ ಬೆನ್ನ ಹಿಂದೆ ಅವನಿಗೆ 'ಜಿಗಣೆ' ಎಂದು ಹೆಸರು, ಕಚ್ಚಿದ್ದನ್ನು ಬಿಡುವವನಲ್ಲ ಅಂತ. ಆದರೆ ಆ ಹೊತ್ತಿನಲ್ಲಿ ಎದುರಿಗೆ ನಿಂತಿದ್ದು ಮಗನನ್ನು ಮಣ್ಣಿಗೆ ಕೊಟ್ಟು ಬಂದ ಅಪ್ಪ. ಅವನ ಮನಸ್ಸು ಮೆತ್ತಗಾಯಿತು.

"ಹತ್ರ ಬಂದಿದ್ದೀವಿ ಸಾಹುಕಾರ್ರೇ. ಎಲೆ ಮೇಲೆ ನೀಲಿ ಪೇಂಟು ಸಿಕ್ಕಿದೆ. ಗಾಡಿ ಪೇಂಟು. ಯಾವುದೋ ಗ್ಯಾರೇಜಲ್ಲಿ ತಯಾರಾಗಿದೆ."

ಸಾಹುಕಾರರ ಬಾಯಿ ಸ್ವಲ್ಪ ತೆರೆದುಕೊಂಡಿತು. ಕೈ ಗೋಡೆಯನ್ನು ಹುಡುಕಿತು.

"ನೀಲಿ," ಎಂದರು. "ನೀಲಿ ಅಂದ್ರಾ?"

"ಕೂತ್ಕೊಳ್ಳಿ. ನೀರು ತರಿಸ್ಲಾ?"

"ಬೇಡ. ನೀವು ಹೋಗಿ. ನಿಮ್ಮ ಕೆಲಸ ನೋಡಿ." ಬೆಂಚಿನ ಮೇಲೆ ಕುಸಿದರು.

ಸಂಕಟ ಈಗ ಹೊರಗೆ ಬರುತ್ತಿದೆ ಎಂದುಕೊಂಡು ಇನ್ಸ್‌ಪೆಕ್ಟರ್ ಅವರ ಭುಜ ತಟ್ಟಿ ಮೆಟ್ಟಿಲಿಳಿದ.

ಕೆಳಗೆ ಜೀಪಿಗೆ ಒರಗಿ ನಿಂತಿದ್ದ ದಫೇದಾರ ವಿಷಯ ಕೇಳಿ ಒಂದು ಕ್ಷಣವೂ ಯೋಚಿಸಲಿಲ್ಲ.

"ನವಿಲುನೀಲಿ, ಬೆಳ್ಳಿ ಮಿಂಚು. ಐಸ್‌ಕ್ರೀಮ್ ಕಂಪನಿಯ ವ್ಯಾನು ಸಾರ್. ನನ್ನ ಮೊಮ್ಮಗಳು ಅದು ಕಂಡ ತಕ್ಷಣ ಓಡ್ತಾಳೆ. ಅವಳ ಹಿಂದೆ ಓಡಿ ಓಡಿ ನನ್ನ ಹೊಟ್ಟೆ ಇಷ್ಟಾದ್ರೂ ಇಳಿದಿರೋದು."

"ಇಳಿದಿರೋದು ಇದಾ?"

"ಮೊದಲು ನೋಡಿರಲಿಲ್ಲ ನೀವು."

ಐಸ್‌ಕ್ರೀಮ್ ಕಂಪನಿಗೆ ಒಂದು ಫೋನು ಸಾಕಾಯಿತು. ಅವರ ವ್ಯಾನುಗಳಿಗೆಲ್ಲ ಬಣ್ಣ ಹೊಡೆಸುವುದು ರೈಲು ಹಳಿಯ ಆಚೆಗಿರುವ ಒಂದೇ ಶೆಡ್ಡಿನಲ್ಲಿ.

ತಗಡಿನ ಶೆಡ್ಡು. ಹೊರಗೆ ಬಾಗಿಲು ಕಳಚಿದ ಕಾರು, ಪಕ್ಕದಲ್ಲಿ ಉಜ್ಜುಕಾಗದದ ಚೂರುಗಳು, ಖಾಲಿ ಡಬ್ಬಗಳು. ಒಳಗೆ ದಪ್ಪ ಪ್ಲಾಸ್ಟಿಕ್ ಹಾಳೆಯ ಪರದೆ ಕಟ್ಟಿ ಒಂದು ಕೋಣೆ ಮಾಡಿದ್ದರು. ಪರದೆಯ ಹಿಂದೆ ಹಿಸ್ ಎಂದು ಗಾಳಿಯ ಸದ್ದು. ಥಿನ್ನರಿನ ವಾಸನೆ ಮೂಗಿನ ತುದಿಯಿಂದ ನೆತ್ತಿಗೆ ಹೊಡೆಯಿತು.

ಇನ್ಸ್‌ಪೆಕ್ಟರ್ ಪರದೆ ಸರಿಸಿದ.

ವ್ಯಾನಿನ ಬಾಗಿಲಿಗೆ ಬಣ್ಣ ಹೊಡೆಯುತ್ತಿದ್ದವನು ಗನ್ ನಿಲ್ಲಿಸಿ ತಿರುಗಿದ. ಮೂಗು ಬಾಯಿಗೆ ಮಾಸ್ಕು. ಅದನ್ನು ನಿಧಾನವಾಗಿ ಕುತ್ತಿಗೆಗೆ ಇಳಿಸಿದ.

ಹುಡುಗಿಯ ಅಣ್ಣ.

ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ನಿಂತರು. ದಫೇದಾರ ಬಾಯಿ ತೆರೆದವನು, ಇನ್ಸ್‌ಪೆಕ್ಟರನ ಮುಖ ನೋಡಿ ಮುಚ್ಚಿಕೊಂಡ.

"ತಂಗಿ ಹೇಗಿದ್ದಾಳೆ ಸಾರ್? ಏನಾದ್ರೂ ಆಯ್ತಾ?" ಅಣ್ಣ ಒಂದು ಹೆಜ್ಜೆ ಮುಂದೆ ಬಂದ.

"ನೀರು ಕೇಳ್ತಿದ್ದಾಳೆ. ಕೊಡೋ ಹಾಗಿಲ್ಲ."

ಇನ್ಸ್‌ಪೆಕ್ಟರ್ ಸೀದಾ ಗಾಳಿ ಹೊರಗೆಳೆಯುವ ದೊಡ್ಡ ಫ್ಯಾನಿನ ಹತ್ತಿರ ಹೋದ. ಅದರ ಜಾಲರಿಗೆ ವರ್ಷಗಳ ಬಣ್ಣ ಪದರ ಪದರವಾಗಿ ಅಂಟಿತ್ತು: ಕೆಂಪು, ಬಿಳಿ, ಮೇಲೆ ನವಿಲುನೀಲಿ. ಆ ನೀಲಿಯೊಳಗೆ ಹಸಿರುಗಂದು ಚೂರುಗಳು. ಉಗುರಿನಿಂದ ಒಂದನ್ನು ಕೆರೆದು ಅಂಗೈ ಮೇಲೆ ಹಾಕಿಕೊಂಡು ಬಂದ.

"ವ್ಯಾನಿನಲ್ಲಿ ಗಿಡ ಬೆಳೆಯುತ್ತಾ?"

ಅಣ್ಣ ಆ ಚೂರನ್ನೇ ನೋಡಿದ. ಗನ್ ಹಿಡಿದ ಕೈ ಕೆಳಗಿಳಿಯಿತು. ಉಗುರುಗಳ ಸಂದಿಯಲ್ಲೆಲ್ಲ ನೀಲಿ. ಆಸ್ಪತ್ರೆಯಲ್ಲಿ ಅವನು ಯಾಕೆ ಕೈ ಜೇಬಿನಿಂದ ತೆಗೆದಿರಲಿಲ್ಲ ಎಂಬುದು ಈಗ ಅರ್ಥವಾಯಿತು.

"ಗಾಳಿಗೆ ಹಾರಿ ಬಂದಿರಬಹುದು ಸಾರ್. ಹೊರಗೆ ಮರ ಇದೆ."

"ಇದೇ ಮರದ ಎಲೆ ನಿನ್ನ ತಂಗಿಯ ಬೂಟಿನೊಳಗೆ ಸಿಕ್ಕಿದೆ. ಇದೇ ನೀಲಿ ಚುಕ್ಕೆ ಸಮೇತ."

ಅವನು ನಿಂತಲ್ಲೇ ಮಂಡಿ ಮಡಿಸಿ ಪೇಂಟಿನ ಡಬ್ಬದ ಮೇಲೆ ಕೂತ. ದಫೇದಾರ ಹೋಗಿ ಗನ್ನನ್ನು ಕೈಯಿಂದ ಬಿಡಿಸಿಕೊಂಡ, ಅವನು ಬಿಟ್ಟುಕೊಟ್ಟ.

"ನಿನಗೆ ಮೊದಲೇ ಗೊತ್ತಿತ್ತು," ಎಂದ ಇನ್ಸ್‌ಪೆಕ್ಟರ್.

"ಮೊದಲು ಗೊತ್ತಿರಲಿಲ್ಲ ಸಾರ್. ನನ್ನ ತಂಗಿಯಾಣೆ ಗೊತ್ತಿರಲಿಲ್ಲ. ಮನೆ ಘಮಘಮ ಅನ್ನೋಕೆ ಹೊಗೆ ಹಾಕೋ ಎಲೆ ಅಂದಿದ್ರು. ತಂತಿ ಬಲೆ ಮೇಲೆ ಎಲೆ ಹರಡೋದು, ಡಬ್ಬಿಯಲ್ಲಿರೋದನ್ನ ಗನ್ನಿಗೆ ಹಾಕಿ ಸಿಂಪಡಿಸೋದು, ಒಣಗಿದ ಮೇಲೆ ಮೂಟೆ ಕಟ್ಟೋದು. ಅಷ್ಟೇ ನನ್ನ ಕೆಲಸ."

"ಯಾವಾಗ ಗೊತ್ತಾಯ್ತು?"

"ಒಂದೆರಡು ತಿಂಗಳಾದ ಮೇಲೆ. ಘಮಘಮ ಅನ್ನೋ ವಸ್ತುವಿಗೆ ಇಷ್ಟು ಕದ್ದುಮುಚ್ಚಿ ಯಾಕೆ ಅಂತ ಅನ್ನಿಸ್ತು. ಅನ್ನಿಸಿದ್ರೂ ಬಾಯಿಗೆ ಬೀಗ ಹಾಕ್ಕೊಂಡೆ. ಅವಳ ಕ್ಲಾಸು, ಅವಳ ಡ್ರೆಸ್ಸು, ಆ ಬೂಟು, ಎಲ್ಲ ಇದರಿಂದಲೇ ಬಂದಿದ್ದು ಸಾರ್. ಸ್ಟೇಜ್ ಮೇಲೆ ಅವಳು ಕುಣಿಯೋದನ್ನ ನೀವು ನೋಡ್ಬೇಕಿತ್ತು."

ತನ್ನ ಕೈಗಳನ್ನು ನೋಡಿಕೊಂಡು ಅವನೇ ಮುಂದುವರಿಸಿದ: "ಯಾರೋ ಊರವರ ಮಕ್ಕಳು ತಾನೇ ಸೇದೋದು ಅಂದ್ಕೊಂಡೆ."

ಅಣ್ಣ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ನೀಲಿ ಉಗುರುಗಳು ಹಣೆಯ ಮೇಲೆ ಒತ್ತಿಕೊಂಡವು. ತುಂಬ ಹೊತ್ತು ಅವನು ಅಳುತ್ತಿದ್ದಾನೋ ಇಲ್ಲವೋ ತಿಳಿಯಲಿಲ್ಲ. ಇನ್ಸ್‌ಪೆಕ್ಟರನಿಗೆ ಕನಿಕರವೂ ಬಂತು, ಕಪಾಳಕ್ಕೆ ಬಿಗಿಯಬೇಕೆಂಬ ಸಿಟ್ಟೂ ಬಂತು. ಎರಡನ್ನೂ ನುಂಗಿಕೊಂಡ.

"ಡಬ್ಬಿ ತಂದುಕೊಡ್ತಿದ್ದವನು ಯಾರು?"

"ಹೆಸರು ಗೊತ್ತಿಲ್ಲ. ಹೆಲ್ಮೆಟ್ ತೆಗೀತಿರಲಿಲ್ಲ. ದನಿ ಮಾತ್ರ ಗುರುತು. ದೊಡ್ಡವರ ದನಿ, ಮೆತ್ತಗೆ ಮಾತಾಡೋರು. ನಾಲ್ಕು ದಿನದ ಹಿಂದೆ ಮುಖ ನೋಡಿದೆ."

"ಎಲ್ಲಿ?"

"ಆಸ್ಪತ್ರೇಲಿ."

ದಫೇದಾರ ಗನ್ನನ್ನು ಕೆಳಗಿಟ್ಟ.

"ತಂಗೀನ ಮಷೀನಿಗೆ ಹಾಕಿದ ದಿನ. ಡಾಕ್ಟರಮ್ಮನ ಕೋಣೆ ಎದುರಿಗೆ ಯಾರೋ ಕೂಗಾಡ್ತಿದ್ರು, ನನ್ನ ಮಗನ್ನ ಯಾಕೆ ಉಳಿಸಲಿಲ್ಲ ಅಂತ. ನಾಲ್ಕು ಜನ ಹಿಡ್ಕೊಂಡು ಸಮಾಧಾನ ಮಾಡ್ತಿದ್ರು. ಆ ದನಿ ಎಲ್ಲೋ ಕೇಳಿದ್ದು ಅನ್ನಿಸ್ತು. ತಿರುಗಿ ನೋಡಿದ್ರೆ ಅವರೇ. ಅವರೂ ನನ್ನ ನೋಡಿದ್ರು. ಆಮೇಲೆ ನನ್ನ ತಂಗಿಯ ಹಾಸಿಗೆ ಕಡೆ ನೋಡಿದ್ರು."

"ಬಿಳಿ ಶರಟಾ?"

"ಹೂಂ ಸಾರ್. ಎಲ್ಲರೂ ಸಾಹುಕಾರ್ರೇ, ಸಾಹುಕಾರ್ರೇ ಅಂತಿದ್ರು."

ಶೆಡ್ಡಿನ ತಗಡು ಬಿಸಿಲಿಗೆ ಟಿಕ್ಕೆಂದಿತು. ಇನ್ಸ್‌ಪೆಕ್ಟರನಿಗೆ ಈಗ ಎಲ್ಲ ಕೂಡಿಬಂತು.

ಮಗನನ್ನು ಕೊಂದವನನ್ನು ಹಿಡಿಯಿರಿ ಎಂದು ಆ ಮನುಷ್ಯ ದಿನಾ ಠಾಣೆಗೆ ಅಲೆದದ್ದು ನಾಟಕವಲ್ಲ. 'ಮೋಡ' ಎಂಬ ಹೆಸರಿನಲ್ಲಿ ಹತ್ತು ಜನ ಮಾರುತ್ತಾರೆ, ಮಗ ಸೇದಿದ್ದು ಬೇರೆ ಯಾರದೋ ಮಾಲು ಎಂದೇ ಅವರು ನಂಬಿದ್ದರು. ನಂಬಿಕೆ ಮುರಿದದ್ದು ಇವತ್ತು, ಆ ಕಾರಿಡಾರಿನಲ್ಲಿ, ನೀಲಿ ಎಂಬ ಒಂದೇ ಮಾತಿನಿಂದ. ಆ ಮಾತನ್ನು ಅವರ ಕಿವಿಗೆ ಹಾಕಿ, ಭುಜ ತಟ್ಟಿ ಬಂದವನು ತಾನೇ.

"ಇವತ್ತು ಅವರು ನಿನಗೆ ಫೋನು ಮಾಡಿದ್ರಾ?"

"ಈಗ ಸ್ವಲ್ಪ ಮುಂಚೆ." ಅಣ್ಣ ತಲೆಯೆತ್ತಿದ. "ನಾನು ತಗೊಂಡೆ. 'ಏನು ಮಾಡಿದೆಯೋ' ಅಂತ ಒಂದೇ ಮಾತು ಹೇಳಿ ಇಟ್ಟುಬಿಟ್ರು."

ಇನ್ಸ್‌ಪೆಕ್ಟರ್ ಆಗಲೇ ವಾರ್ಡಿನ ನಂಬರು ಒತ್ತುತ್ತಿದ್ದ. ಆ ಕಡೆ ಗಂಟೆ ಹೊಡೆಯುತ್ತಲೇ ಇತ್ತು. ಕೊನೆಗೂ ನರ್ಸು ಎತ್ತಿದಳು.

"ಸಿಸ್ಟರ್, ಕಿಟಕಿ ಪಕ್ಕದ ಹುಡುಗಿ ಹತ್ರ ಯಾರಿದ್ದಾರೆ?"

"ಸಾಹುಕಾರ್ರು ಇದ್ದಾರಲ್ಲ ಸಾರ್. ಪಾಪ, ಅವಳಿಗೆ ಯಾರೂ ಇಲ್ಲ ನಾನು ಕೂತಿರ್ತೀನಿ ಅಂದ್ರು. ನೀವೇ ಹೇಳಿ ಕಳಿಸಿದ್ದಂತೆ."

"ಡಾಕ್ಟರಮ್ಮ ಎಲ್ಲಿ?"

"ಎಮರ್ಜೆನ್ಸಿಗೆ ಇಳಿದ್ರು. ಯಾಕೆ ಸಾರ್?"

"ಸಾಹುಕಾರ್ರನ್ನ ಅಲ್ಲಿಂದ ಎಬ್ಬಿಸಿ ಹೊರಗೆ ಕರ್ಕೊಂಡು ಬನ್ನಿ. ಗಲಾಟೆ ಮಾಡಬೇಡಿ. ಫೋನಿದೆ ಅಂತ ಹೇಳಿ."

ಚಪ್ಪಲಿಯ ಸದ್ದು ಸರಸರ ನಡೆಯಿತು. ಪಿಸುಮಾತು. ಮತ್ತೆ ಹತ್ತಿರ ಬಂದ ಉಸಿರಿನ ಸದ್ದು. ಆದರೆ ಹಿನ್ನೆಲೆಯಲ್ಲಿ ಮಷೀನಿನ ಗುಂಯ್‌ಗುಡುವಿಕೆ ಕೇಳುತ್ತಿತ್ತು, ಅವರು ಹೊರಗೆ ಬಂದಿರಲಿಲ್ಲ. ಫೋನಿಗೆ ತಂತಿಯಿಲ್ಲ, ನರ್ಸು ಅದನ್ನೇ ಹಾಸಿಗೆಯ ಬಳಿಗೆ ಒಯ್ದಿದ್ದಳು.

"ಹೇಳಿ ಇನ್ಸ್‌ಪೆಕ್ಟರ್ರೇ." ಮೆತ್ತನೆಯ ದನಿ, ಫೋನಿನ ಹೊರಗೂ ಕೇಳಿಸಿತು. ಅಣ್ಣ ಬೆಚ್ಚಿ ಎದ್ದು ನಿಂತ. "ಶೆಡ್ಡಿನಲ್ಲಿದ್ದೀರಾ?"

"ಇದ್ದೀನಿ. ನೀವು ಕಾರಿಡಾರಿಗೆ ಬನ್ನಿ ಸಾಹುಕಾರ್ರೇ, ಮಾತಾಡೋಣ."

"ಅವನು ಅಲ್ಲಿದ್ದಾನಾ? ಇದ್ರೆ ಒಂದು ಮಾತು ಕೇಳಿ. ವರ್ಷದಿಂದ ಹೋಗಿದೆ ಈ ಮಾಲು. ಒಬ್ಬರಿಗೂ ತಲೆನೋವು ಕೂಡ ಬಂದಿರಲಿಲ್ಲ. ಈ ಸಲ ಅದಕ್ಕೆ ಏನು ಬೆರೆಸಿದ ಅಂತ ಕೇಳಿ. ಥಿನ್ನರ್ರಾ, ಪೇಂಟಾ, ಏನು ಹಾಕಿ ನನ್ನ ಮಗನ್ನ ಕೊಂದ ಅಂತ ಕೇಳಿ. ಅವನ ತಂಗಿ ಇಲ್ಲೇ ಇದ್ದಾಳೆ. ನಾನೂ ಇಲ್ಲೇ ಇದ್ದೀನಿ. ಸುಳ್ಳು ಹೇಳಬಾರದು."

ಒಬ್ಬರಿಗೂ ಏನೂ ಆಗಿರಲಿಲ್ಲ ಎಂದು ಇವರಿಗೆ ಹೇಳಿದವರು ಯಾರು? ಎಷ್ಟು ಮನೆಗಳಲ್ಲಿ ಗ್ಯಾಸಿನ ಮಾತ್ರೆ ನುಂಗಿ ಮಲಗಿದ್ದಾರೋ, ಯಾರು ಬಲ್ಲರು. ಆದರೆ ಅದನ್ನು ವಾದಿಸುವ ಹೊತ್ತಲ್ಲ ಇದು. ಇನ್ಸ್‌ಪೆಕ್ಟರ್ ದಫೇದಾರನ ಕಡೆ ಕಣ್ಣು ಸನ್ನೆ ಮಾಡಿದ. ದಫೇದಾರ ತನ್ನ ಫೋನು ಹಿಡಿದು, ಆ ಹೊಟ್ಟೆ ಹೊತ್ತುಕೊಂಡೇ ಜೀಪಿನತ್ತ ಓಡಿದ. ಆಸ್ಪತ್ರೆಯ ಬಾಗಿಲಲ್ಲಿರುವ ಕಾವಲುಗಾರನಿಗೆ ಸುದ್ದಿ ಮುಟ್ಟಿದರೂ ವಾರ್ಡಿನವರೆಗೆ ನಾಲ್ಕು ಮಹಡಿ ಹತ್ತಬೇಕು.

ಅಷ್ಟು ಹೊತ್ತು ಮಾತು ಎಳೆಯಬೇಕು.

ಅವನು ಫೋನನ್ನು ಸ್ಪೀಕರಿಗೆ ಹಾಕಿ ಅಣ್ಣನ ಮುಂದೆ ಹಿಡಿದ. ಬಾಯಿಂದ ಸದ್ದು ಬಾರದಂತೆ ತುಟಿಯಲ್ಲೇ ಹೇಳಿದ: ನಿಧಾನ. ಸಿಟ್ಟು ಬೇಡ. ಏನಾದರೂ ಹೇಳು.

ಅಣ್ಣನಿಗೆ ಅದು ಕಾಣಲಿಲ್ಲವೋ, ಕಂಡರೂ ತಲೆಗೆ ಹೋಗಲಿಲ್ಲವೋ. ಹಾಸಿಗೆಯ ಪಕ್ಕ ಯಾರು ಕೂತಿದ್ದಾರೆ ಎಂಬುದು ಬಿಟ್ಟು ಅವನಿಗೆ ಇನ್ನೇನೂ ಹೊಳೆಯುತ್ತಿರಲಿಲ್ಲ. ಸುಳ್ಳು ಹೇಳಬಾರದು ಎಂದಿದ್ದರು. ಅವನು ನಿಜ ಹೇಳಿದ.

"ನಾನು ಏನೂ ಬೆರೆಸಿಲ್ಲ ಸಾರ್. ನನ್ನ ತಂಗಿಯಾಣೆ. ನೀವು ಕೊಟ್ಟಿದ್ದನ್ನೇ ಹೊಡೆದೆ. ಕೊನೇ ಸಲ ನೀವು ತಂದ ಡಬ್ಬಿ ಬೇರೆ ಇತ್ತು. ಯಾವಾಗ್ಲೂ ನೀರಿನ ಹಾಗೆ ಇರ್ತಿತ್ತು, ಆವತ್ತಿಂದು ಹಳದಿ. ನಾನು ಕೇಳಿದೆ, ಸಾರ್ ಇದು ಬೇರೆ ಥರ ಇದೆಯಲ್ಲ ಅಂತ. ನೀವೇ ಹೇಳಿದ್ರಿ, ಹೊಸ ಮಾಲು, ಇನ್ನೂ ಜೋರು, ಸುಮ್ನೆ ಹೊಡಿ ಅಂತ."

ಆ ಕಡೆ ಉಸಿರು ನಿಂತಂತಾಯಿತು.

"ಸಾಹುಕಾರ್ರೇ," ಎಂದ ಇನ್ಸ್‌ಪೆಕ್ಟರ್. "ಸಾಹುಕಾರ್ರೇ, ನನ್ನ ಮಾತು ಕೇಳಿ."

ಫೋನು ಯಾವುದೋ ಗಟ್ಟಿ ನೆಲಕ್ಕೆ ಬಿದ್ದ ಸದ್ದು. ಅದಾದ ಮೇಲೆ ಮಷೀನು ಟೀಂ ಟೀಂ ಎಂದು ಬಡಿದುಕೊಳ್ಳತೊಡಗಿತು. ಅದರ ಮೇಲಿಂದ, ದೂರದಲ್ಲಿ, ನರ್ಸಿನ ದನಿ.

"ಸಾಹುಕಾರ್ರೇ, ಏನು ಮಾಡ್ತಿದ್ದೀರಿ? ಆ ಟ್ಯೂಬಿಂದ ಕೈ ತೆಗೀರಿ."